ಪಕ್ಕದ ಮನೆಯ ಪಿಟೀಲು

ನಿನ್ನೆ ಮತ್ತೆ ಗಾಂಧಾರ ಕೈಕೊಟ್ಟಿತು. ಎರಡು ಸಲ. ಸದ್ಯ, ಯಾರಿಗೂ ಗೊತ್ತಾಗಲಿಲ್ಲ. ಇನ್ನು ಹತ್ತೊಂಬತ್ತು ದಿನ.

ಇಷ್ಟನ್ನು ಡೈರಿಯಲ್ಲಿ ಬರೆದು, ಮಸಿ ಆರುವ ಮೊದಲೇ ಮುಚ್ಚಿ, ಅವಳು ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡು ಸೋದರಮಾವನ ಆಫೀಸಿಗೆ ಓಡಿದಳು.

ಹತ್ತೊಂಬತ್ತು ದಿನಕ್ಕೆ ಸಂಗೀತ ಕಾಲೇಜಿನ ಆಯ್ಕೆ ಪರೀಕ್ಷೆ. ಸೀಟು ಸಿಕ್ಕರೆ ಪಿಟೀಲೇ ಬದುಕು. ಸಿಗದಿದ್ದರೆ ಮಾವನ ರಿಯಲ್ ಎಸ್ಟೇಟ್ ಆಫೀಸಿನಲ್ಲಿ ಮೇಜು ಕಾಯುತ್ತಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಹುಡುಗಿ ಪದವಿ ಮುಗಿಸಿದ್ದಾಳೆ, ಎದುರು ಮಾತಾಡುವುದಿಲ್ಲ. ಮೇಜಿಗೆ ಇನ್ನೇನು ಬೇಕು ಎಂಬುದು ಮಾವನ ಲೆಕ್ಕ.

"ಪಿಟೀಲಿನೋರು ನಲವತ್ತು ವರ್ಷ ಉಜ್ಜಿ ಒಂದು ಹೂಗುಚ್ಛ ತಗೋತಾರೆ. ನಾನು ನಾಲ್ಕು ವರ್ಷಕ್ಕೆ ನಾಲ್ಕು ಮಹಡಿ ಎಬ್ಬಿಸಿದೀನಿ. ಯೋಚನೆ ಮಾಡು ಪುಟ್ಟಿ."

ಅವಳು ಯೋಚನೆ ಮಾಡುವವಳಂತೆ ನೆಲ ನೋಡಿದಳು.

ನಾಲ್ಕು ಮಹಡಿಗೆ ಹದಿನಾರು ಮನೆ. ಕೊಳ್ಳುವವರು ಬಂದಾಗಲೆಲ್ಲ ಮಾವ ಅವಳನ್ನು ಗೋಡೆಯಾಚೆ ಕೂರಿಸಿ, ಬಾಗಿಲು ಹಾಕಿ, ನುಡಿಸಲು ಹೇಳುತ್ತಿದ್ದರು. ಸ್ವರ ತೇಲಿ ಬಂದಾಗ, "ಪಕ್ಕದ ಮನೆಯವರು ಸಂಗೀತದೋರು. ಜಗಳ ಗಿಗಳ ಏನೂ ಇಲ್ಲ" ಎನ್ನುತ್ತಿದ್ದರು. ಹದಿನೈದು ಮನೆ ಸರಸರ ಹೋದವು.

ಹದಿನಾರನೆಯದು ಕೂತುಬಿಟ್ಟಿತು. ಮೇಲಿನ ಮಹಡಿಯ ಮೂಲೆ ಮನೆ, ಎರಡು ಕಡೆ ಕಿಟಕಿ. ಅದರ ಪಕ್ಕದಲ್ಲಿ ಮನೆಯೇ ಇರಲಿಲ್ಲ, ಬಣ್ಣದ ಡಬ್ಬ ಇಡುವ ಗೂಡೊಂದಿತ್ತು. ಮಾವ ಅದಕ್ಕೂ ಒಂದು ಕಾಲಿಂಗ್ ಬೆಲ್ ಹಾಕಿಸಿದ್ದರು. ಕಮಾನು ಪೂರ್ತಿ ಎಳೆದರೆ ಅವಳ ಮೊಣಕೈ ಗೋಡೆಗೆ ಬಡಿಯುತ್ತಿತ್ತು.

ಆ ಮನೆ ನೋಡಲು ಬಂದವರು ಹತ್ತೇ ನಿಮಿಷಕ್ಕೆ ಮೆಟ್ಟಿಲ ಕಡೆ ತಿರುಗುತ್ತಿದ್ದರು. ಹಿಂದಿನ ವಾರ ಬಂದ ಹೆಂಗಸೊಬ್ಬರು ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡು ಇಳಿದಿದ್ದರು.

"ನಿಂಗೇನಾಗಿದೆಯೇ?" ಮಾವ ತಲೆ ಚಚ್ಚಿಕೊಂಡರು. "ಮೊದಲು ಜೇನು ಸುರಿದ ಹಾಗೆ ನುಡಿಸ್ತಿದ್ದೆ. ಈಗ ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕ ಹಾಗಿದೆ."

"ಪರೀಕ್ಷೆ ಭಯ ಕಣ್ರೀ," ಎಂದರು ಅತ್ತೆ.

"ಭಯ ಅಲ್ಲ, ಅಭ್ಯಾಸ ಇಲ್ಲ. ಮನೇಲಿ ಇವಳು ಪಿಟೀಲು ಮುಟ್ಟಿದ್ದನ್ನ ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ. ಅವಳ ಮನೆಯಲ್ಲಿ ಎರಡು ಕೋಣೆ, ಆರು ಜನ, ಜೊತೆಗೆ ಪಿಟೀಲು ಕೇಳಿದರೆ ಎದೆ ಹಿಡಿದುಕೊಳ್ಳುವ ತಾತ. ಪೆಟ್ಟಿಗೆ ಬೆಳಿಗ್ಗೆ ಅವಳ ಜೊತೆ ಹೊರಡುತ್ತಿತ್ತು, ಸಂಜೆ ಅವಳ ಜೊತೆ ಮರಳುತ್ತಿತ್ತು. ನಡುವೆ, ಕಟ್ಟಡದವರೆಲ್ಲ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಅವಳು ಮೂಲೆ ಮನೆಯ ಬೀಗದಕೈ ಇಸಿದುಕೊಂಡು ಧೂಳು ಹೊಡೆಯಲು ಹೋಗುತ್ತಿದ್ದಳು. ಅದು ಅಂಥಿಂಥ ಧೂಳಲ್ಲ. ದಿನಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು.

"ನೆಲ ಒರೆಸಿ ಒರೆಸಿ ಮಗು ಕೈ ನೋಡಿ, ಹೇಗೆ ಕಲ್ಲಾಗಿದೆ," ಎಂದು ಅತ್ತೆ ಅವಳ ಎಡಗೈ ಸವರಿ ಮರುಗಿದರು.

ಶನಿವಾರ ಬೆಳಿಗ್ಗೆ ಒಬ್ಬ ಮುದುಕಿ ಬಂದರು. ಅರ್ಜಿಯಲ್ಲಿ ಉದ್ಯೋಗದ ಮುಂದೆ 'ರಿಪೇರಿ, ಈಗ ನಿವೃತ್ತಿ' ಎಂದು ಬರೆದರು. ಮಿಕ್ಸಿ ಇರಬೇಕೆಂದು ಮಾವ ಅಂದುಕೊಂಡರು.

"ಇದೇ ಕೊನೇ ಅವಕಾಶ," ಮಾವ ಗೂಡಿನೊಳಗೆ ತಲೆ ತೂರಿಸಿ ಪಿಸುಗುಟ್ಟಿದರು. "ಇವತ್ತು ಮರ್ಯಾದೆ ಉಳಿಸು ತಾಯಿ."

ಅವಳು ತಲೆಯಾಡಿಸಿ ಕಮಾನು ಎತ್ತಿದಳು. ಗೋಡೆಯಾಚೆ ನಲ್ಲಿ ತಿರುಗಿಸಿದ ಸದ್ದಿಲ್ಲ. ಕಿಟಕಿ ತೆಗೆದ ಸದ್ದಿಲ್ಲ. ಮೆಟ್ಟಿಲಿಳಿದ ಸದ್ದು ಮೊದಲೇ ಇಲ್ಲ. ಹತ್ತು ನಿಮಿಷ, ಇಪ್ಪತ್ತು, ಅರ್ಧ ಗಂಟೆ. ಗಾಂಧಾರ ಒಮ್ಮೆ ಜಾರಿತು. ಅವಳು ತುಟಿ ಕಚ್ಚಿ ಮತ್ತೆ ಬೆರಳು ಊರಿದಳು.

ಗೂಡಿನ ಬಾಗಿಲು ತೆರೆಯಿತು. ಮುದುಕಿ ನಿಂತಿದ್ದರು. ಅವರ ಹಿಂದೆ ಮಾವ ಬೆವರೊರೆಸಿಕೊಳ್ಳುತ್ತಿದ್ದರು.

"ಅದು ಮೇಡಂ, ಪಕ್ಕದ ಮನೆಯವರು ಸ್ವಲ್ಪ ಪೇಂಟ್ ಮಾಡಿಸ್ತಿದ್ದಾರೆ."

ಮುದುಕಿ ಸುತ್ತ ನೋಡಿ, ಒಂದು ಡಬ್ಬ ಎಳೆದುಕೊಂಡು ಕೂತರು. "ಮನೆ ಚೆನ್ನಾಗಿದೆ. ತಗೋತೀನಿ."

ಮಾವನ ಮುಖ ಊರಗಲವಾಯಿತು. ಹುಡುಗಿ ಪಿಟೀಲನ್ನು ಎದೆಗೆ ಅವುಚಿಕೊಂಡಳು.

"ಆದ್ರೆ ಒಂದು ವಿಷಯ ತಿಳೀಬೇಕು," ಮುದುಕಿ ಅವಳ ಕಡೆ ತಿರುಗಿದರು. "ನಲವತ್ತು ವರ್ಷ ಪಿಯಾನೋ, ಹಾರ್ಮೋನಿಯಂ ಶ್ರುತಿ ಸರಿ ಮಾಡಿದ ಕಿವಿ ಇದು. ಬಾರದವರ ಬೆರಳು ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗುತ್ತೆ. ನೀನು ಅರ್ಧ ಗಂಟೆ ಗಾಂಧಾರಾನ ಕೂದಲೆಳೆಯಷ್ಟು ಕೆಳಗೇ ಇಟ್ಟೆ. ಒಂದೇ ಅಳತೆ. ಒಂದೇ ಒಂದು ಸಲ ತಪ್ಪಿದೆ, ಸರಿಯಾದ ಜಾಗಕ್ಕೆ ಬಿದ್ದೆ. ಇದನ್ನ ಮಾಡೋಕೆ ಎಷ್ಟು ಕಷ್ಟ ಅಂತ ನಂಗೊತ್ತು. ಯಾಕಮ್ಮಾ ಮಾಡಿದೆ?"

"ಏನೇ ಇದು?" ಎಂದರು ಮಾವ.

ಉತ್ತರ ಡೈರಿಯಲ್ಲಿ ಎಷ್ಟೋ ಸಲ ಬರೆದದ್ದೇ. ಡೈರಿ ಮನೆಯಲ್ಲಿತ್ತು. ಅವಳು ಬಾಯಿ ತೆರೆದಳು.

"ಮೂಲೆ ಮನೆ ಮಾರಿಬಿಟ್ರೆ ದಿನಾ ನಾಲ್ಕು ಗಂಟೆ ನಾನು ಎಲ್ಲಿ ಅಭ್ಯಾಸ ಮಾಡ್ಲಿ, ಮಾವ?"