ಚೊಮಿನ್ ಕೆತ್ತದ ಹೆಸರು

"ಹೆಸರೆಲ್ಲಿ?" ಎಂದ ದಫೇದಾರ.

ಚೊಮಿನ್ ಉಳಿ ಕೆಳಗಿಡಲಿಲ್ಲ. ಅವನೆದುರು ಮೊಣಕಾಲೆತ್ತರದ ಮರಳುಗಲ್ಲು. ಗಿಡ್ಡ ಕತ್ತಿನ ಮೇಲೆ ದುಂಡನೆಯ ಬಿಲ್ಲೆ. ದೂರದಿಂದ ನೋಡಿದರೆ ಸುಮ್ಮನೆ ಕೂತ ಮನುಷ್ಯನ ತಲೆ, ಭುಜ. ಸ್ಪೇನಿನ ಉತ್ತರ ಕರಾವಳಿಯ ಬಾಸ್ಕ್ ಜನರ ಗೋರಿಗಳಿಗೆ ಇಂಥ ಕಲ್ಲು ನಿಲ್ಲಿಸುವುದು ಯಾವ ಕಾಲದಿಂದಲೋ ಬಂದದ್ದು. ಚೊಮಿನನ ಅಪ್ಪ, ಅಜ್ಜ ಅದರ ಮೇಲೆ ಸೂರ್ಯ, ಹಕ್ಕಿ, ನೇಗಿಲು ಕೆತ್ತಿದರು. ಚೊಮಿನ್ ಒಂದೊಂದನ್ನೇ ಬಿಡುತ್ತಾ ಬಂದ. ಕೊನೆಗೆ ಉಳಿದದ್ದು ಬರೀ ಬಿಲ್ಲೆ, ಅಂಚಿನಲ್ಲಿ ಬೆಳಕು ಹಾಯುವಷ್ಟು ಒಂದು ಸೀಳು. ಪ್ಯಾರಿಸ್ಸಿನವರು ಅದನ್ನು ಶಿಲ್ಪವೆಂದು ಹೊತ್ತೊಯ್ದರು. ಊರಿನವರು ಅರ್ಧಂಬರ್ಧ ಕೆಲಸವೆಂದು ನಕ್ಕರು.

ಈ ಕಲ್ಲು ಮಾತ್ರ ಎಲ್ಲಿಗೂ ಹೋಗುವುದಲ್ಲ. ಇದು ಮಗ ಬೆನ್ಯಾತನದು.

"ನನ್ನ ಕಲ್ಲಿಗೆ ಅಕ್ಷರ ಹಾಕೋದಿಲ್ಲ," ಎಂದ ಚೊಮಿನ್.

"ಹಾಕಬೇಕಾಗುತ್ತೆ ಮುದುಕಪ್ಪ. ಅದೂ ಬೆನ್ಯಾತ್ ಅಂತಲ್ಲ, ಸ್ಪೇನಿನ ಹೆಸರು ಬೆರ್ನಾರ್ದೊ ಅಂತ. ನಿಮ್ಮ ಬಾಸ್ಕ್ ಭಾಷೆಯ ಹೆಸರು ಗೋರಿ ಮೇಲೆ ಕೂಡದು ಅಂತ ಸರ್ಕಾರದ ಹುಕುಂ. ಹೆಸರೇ ಇಲ್ಲದಿದ್ರೆ ಕೆಳಗೆ ಯಾರಿದಾರೆ ಅಂತ ಮೇಲಿನವರಿಗೆ ನಾನೇನು ಬರೀಲಿ?"

"ಕೆಳಗೆ ಯಾರೂ ಇಲ್ಲ. ಸಮುದ್ರ ಅವನನ್ನ ವಾಪಸ್ ಕೊಡಲಿಲ್ಲವಲ್ಲ."

ಸೊಸೆ ಗರಾಸಿ ಸೇಬಿನ ಮದ್ಯ ತಂದು ದಫೇದಾರನ ಕೈಗಿತ್ತಳು. "ಕೆತ್ತುತ್ತಾರೆ ಸಾಹೇಬ್ರೇ. ಸ್ಪೇನಿನ ಹೆಸರೇ ಕೆತ್ತುತ್ತಾರೆ. ಮಗನ ದುಃಖ, ಅದಕ್ಕೆ ಹಟ."

"ಭಾನುವಾರ ಸ್ಮಶಾನಕ್ಕೆ ಬರ್ತೀನಿ," ಎಂದು ಅವನು ಲೋಟ ಖಾಲಿ ಮಾಡಿ ಹೋದ.

ಬೆನ್ಯಾತ್ ಲೋಹದ ಕಾರ್ಖಾನೆಯಲ್ಲಿದ್ದ. ಮುಷ್ಕರದ ಹೊತ್ತಿಗೆ ಗಟ್ಟಿಯಾಗಿ ನಾಲ್ಕು ಮಾತಾಡಿ ಪೊಲೀಸರ ಕಣ್ಣಿಗೆ ಬಿದ್ದಿದ್ದ. ಅದೇ ಚಳಿಗಾಲ ಬೊಂಡಾಸ್ ಮೀನು ಹಿಡಿಯಲೆಂದು ಮನೆಯ ಪುಟ್ಟ ದೋಣಿಯಲ್ಲಿ ಹೋದವನು ಬರಲಿಲ್ಲ. ಬಂದರಿನ ಬಾಯಿಯಾಚೆ ದೋಣಿ ತಲೆಕೆಳಗಾಗಿ ತೇಲುತ್ತಿತ್ತು. ಪಾದ್ರಿ ಹೆಣವಿಲ್ಲದೆಯೇ ಪೂಜೆ ಮುಗಿಸಿದರು. ಗರಾಸಿ ತನ್ನ ಬಟ್ಟೆಗಳನ್ನೆಲ್ಲ ಒಂದೇ ಹಂಡೆಯಲ್ಲಿ ಅದ್ದಿ ವಿಧವೆಯ ಕಪ್ಪು ಬಣ್ಣ ಕಟ್ಟಿಸಿದಳು.

ಅಂದಿನಿಂದ ಮನೆಯಲ್ಲಿ ಒಂದೇ ಮಾತು. ಬೆಳ್ಳುಳ್ಳಿ ಸಾರು ಬಡಿಸುತ್ತಾ, "ಕೆತ್ತಿದ್ರಾ ಮಾವ?" ಅಂಗಿ ಹಿಂಡುತ್ತಾ, "ಇವತ್ತಾದ್ರೂ ಕೆತ್ತುತ್ತೀರಾ?" ಚೊಮಿನ್ ಉತ್ತರ ಕೊಡುವುದನ್ನೇ ಬಿಟ್ಟ. ಅವನಿಗೆ ಕಲ್ಲೂ ಸಾಕಾಗಿತ್ತು, ಮಾತೂ ಸಾಕಾಗಿತ್ತು. ಬೆಳಿಗ್ಗೆ ಏಳುವುದೇ ಒಂದು ಕೂಲಿಯಂತೆ ಕಾಣುತ್ತಿತ್ತು.

ಮೀನುಪೇಟೆಯ ಹೆಂಗಸರು ಅವನ ಕಿವಿಗೆ ಬೀಳುವ ಹಾಗೇ ಆಡಿಕೊಂಡರು. "ಪಾಪ, ಗರಾಸಿಗಿನ್ನೂ ಚಿಕ್ಕ ವಯಸ್ಸು. ಕಲ್ಲಿಗೆ ಹೆಸರು ಬಿದ್ರೆ ತಾನೇ ಪಾದ್ರಿ ಇನ್ನೊಂದು ಮದುವೆ ಮಾಡಿಸೋದು?"

"ಬಲೆ ಅಂಗಡಿಯವನು ಸುಮ್ಮನೆ ಅವಳ ಬುಟ್ಟಿ ಹೊತ್ತುಕೊಡ್ತಾನಾ ಮತ್ತೆ?"

ಚೊಮಿನ್ ಕೇಳಿಸದವನಂತೆ ನಡೆದ. ಆದರೆ ಆ ಸಂಜೆ ಸಾರಿನ ಬಟ್ಟಲನ್ನು ಹಾಗೇ ಸರಿಸಿಟ್ಟ. ಹಾಗೊಂದು ಆಸೆ ಅವಳಿಗಿದ್ದರೆ ತಪ್ಪೇನು? ಅವಳಿಗೆ ಅಡ್ಡ ನಿಂತ ಗೋಡೆ ತಾನೇ ಅಲ್ಲವೇ?

ಶನಿವಾರ ಅವನು ಕೆಲಸದ ಕೊಟ್ಟಿಗೆಗೆ ಬಂದಾಗ ಗರಾಸಿ ಕಲ್ಲಿನ ಮುಂದೆ ಮಂಡಿಯೂರಿದ್ದಳು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಬಿಲ್ಲೆಯ ಮೇಲೆ ಇದ್ದಿಲಿನಿಂದ ಸೊಟ್ಟಗೆ ಬರೆದಿದ್ದಳು: ಬೆರ್ನಾರ್ದೊ.

"ಏನ್ ಮಾಡ್ತಿದೀಯ?"

"ನೀವು ಮಾಡದ್ದನ್ನ."

ಮೊದಲ ಏಟು ಜಾರಿತು. ಎರಡನೆಯದಕ್ಕೆ ಚಕ್ಕೆ ಹಾರಿತು. ಚೊಮಿನ್ ಬಾಗಿ ಅವಳ ಮಣಿಕಟ್ಟು ಹಿಡಿದ.

"ಬೇಡ ಮಗಳೇ. ಬದುಕಿರೋನ ಹೆಸರು ಗೋರಿಕಲ್ಲಿಗೆ ಹಾಕಬಾರದು."

ಗರಾಸಿ ತಲೆಯೆತ್ತಲಿಲ್ಲ.

"ಬೆನ್ಯಾತ್ ಗಡಿ ದಾಟಿ ಫ್ರಾನ್ಸಿಗೆ ಹೋದ. ಅವನು ಮುಳುಗಿದ ಅಂತ ಎಲ್ಲರೂ ನಂಬಲಿ ಅಂತ ದೋಣಿ ಮಗುಚಿದೋನು ನಾನೇ. ಗರಾಸಿಗೆ ಗೊತ್ತಾದ್ರೆ ಪೊಲೀಸರು ಹೊಡೆದು ಬಾಯಿ ಬಿಡಿಸ್ತಾರೆ, ಅವಳಿಗೆ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ಆ ಕಪ್ಪು ಬಟ್ಟೆ ನೋಡೀ ನೋಡೀ ನನಗೆ ಸಾಕಾಗಿಹೋಯ್ತು."

"ನನ್ನ ಹತ್ರಾನೂ ಆಣೆ ಹಾಕಿಸ್ಕೊಂಡ," ಎಂದಳು ಅವಳು ಮೆಲ್ಲಗೆ. "ಅಪ್ಪನಿಗೆ ಸುಳ್ಳು ಹೇಳೋಕೆ ಬರಲ್ಲ, ಅವರಿಗೆ ತಿಳಿಯೋದು ಬೇಡ ಅಂದ."

ಚೊಮಿನ್ ಕೈ ಬಿಟ್ಟ. ಹತ್ತಿರದ ಮರದ ದಿಮ್ಮಿಯ ಮೇಲೆ ಕೂತ.

"ಮತ್ತೆ ಹೆಸರು ಹೆಸರು ಅಂತ ನನ್ನ ಪ್ರಾಣ ಯಾಕೆ ತಿಂದೆ?"

"ಹೆಸರು ಬಿದ್ದ ದಿನ ದಫೇದಾರ ಅವನನ್ನ ಹುಡುಕೋದು ಬಿಡ್ತಾನೆ. ಅದಕ್ಕೇ."

ಚೊಮಿನ್ ದಿಮ್ಮಿಯಿಂದ ಎದ್ದ. ಆಮೇಲೆ ಅವಳ ಕೈಯಿಂದ ಉಳಿ ತೆಗೆದುಕೊಂಡ. ಮೊದಲ ಅಕ್ಷರದ ಮೇಲೆ ಅದನ್ನು ಇಟ್ಟು, ಏನೋ ಹೊಳೆದವನಂತೆ ನಿಂತ.

"ಆದ್ರೂ ದೋಣಿ ಕೆಲಸ ಚೆನ್ನಾಗೇ ಮಾಡಿದ್ದೆ, ಅಲ್ವಾ? ಯಾರಿಗೂ ಸಂಶಯ ಬರಲಿಲ್ಲ."

"ನೀವು ದೋಣಿ ಮಗುಚಿ, ಅಭ್ಯಾಸಬಲಕ್ಕೆ ಅದನ್ನ ಹಗ್ಗ ಹಾಕಿ ಬಂದರಿನ ಕಟ್ಟೆಗೆ ಕಟ್ಟಿಬಂದಿದ್ರಿ ಮಾವ," ಎಂದಳು ಗರಾಸಿ. "ಊರು ಏಳೋ ಮುಂಚೆ ಬಿಚ್ಚಿ ಬಿಟ್ಟವಳು ನಾನು."