ಎಫ್ ಲೆವೆಲ್ ಗ್ಲೌಸ್ ಮತ್ತು ಫಕ್ಕೀರವ್ವನ ಬೆರಳು

ಕೈಯಲ್ಲಿರೋ ಟೀ ಆರಿದರೂ ಪರವಾಗಿಲ್ಲ... ಇದನ್ನು ಪೂರ್ತಿ ಓದಿ.

ಹುಬ್ಬಳ್ಳಿ ಹತ್ತಿರ ಒಂದು ಫ್ಯಾಕ್ಟರಿ. ಸ್ಟೀಲ್ ತಗಡು ಕತ್ತರಿಸಿ ಆಸ್ಪತ್ರೆಗಳಿಗೆ ಟ್ರೇ, ಟ್ರಾಲಿ ಮಾಡಿಕೊಡ್ತಾರೆ.

ಅಲ್ಲಿನ ಸೇಫ್ಟಿ ಆಫೀಸರ್ ಗುರುಸಿದ್ಧ ಹಂಚಿನಮನಿ. ಹಿಂದಿನ ಕೆಲಸದಲ್ಲಿ ಒಬ್ಬನ ನಾಲ್ಕು ಬೆರಳು ತುಂಡಾಗಿದ್ದನ್ನು ಕಣ್ಣಾರೆ ಕಂಡವನು.

ಅದಕ್ಕೇ ಇಲ್ಲಿಗೆ ಬಂದ ತಕ್ಷಣ ಮಾಲೀಕರ ಬೆನ್ನು ಬಿದ್ದು ಎಲ್ಲರಿಗೂ ಎಫ್ ಲೆವೆಲ್ ಗ್ಲೌಸ್ ತರಿಸಿದ.

ಶಾಲೆಯಲ್ಲಿ ಎಫ್ ಅಂದ್ರೆ ಫೇಲ್... ಗ್ಲೌಸ್ ಲೋಕದಲ್ಲಿ ಎಫ್ ಅಂದ್ರೆ ಫಸ್ಟ್ ರ‍್ಯಾಂಕ್. ಗ್ಲೌಸ್ ಮೇಲೆ ಬ್ಲೇಡ್ ಎಳೆದು ಟೆಸ್ಟ್ ಮಾಡಿ, 'ಎ' ಇಂದ 'ಎಫ್' ವರೆಗೆ ಲೆವೆಲ್ ಕೊಡ್ತಾರೆ.

ಆ ವರ್ಷ ಹೊಲಿಗೆ ಹಾಕಿಸೋ ಗಾಯ ಒಬ್ಬರಿಗೂ ಆಗಲಿಲ್ಲ. ಗುರುಸಿದ್ಧನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇದ್ದದ್ದು ಒಂದೇ ತಲೆನೋವು... ಫಕ್ಕೀರವ್ವ.

ಐವತ್ತಾರು ವರ್ಷದ ಹೆಂಗಸು. ಇಪ್ಪತ್ಮೂರು ವರ್ಷದಿಂದ ಕೊನೆಯ ಟೇಬಲ್‌ನಲ್ಲಿ ನಿಂತು ಟ್ರೇ ಚೆಕ್ ಮಾಡೋದು ಆಕೆಯ ಕೆಲಸ. ಮನೆ ನಡೀತಿದ್ದದ್ದೂ ಅದರಿಂದಲೇ.

ಹೊಸ ಗ್ಲೌಸ್ ಕೊಟ್ಟ ದಿನವೇ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿ ಹಾಕ್ತಿದ್ದಳು. ಮನೆ ಕತ್ತರಿಗೆ ಅದು ಬಗ್ಗದಿದ್ದಾಗ, ತಗಡು ಕತ್ತರಿಸೋ ಕತ್ತರಿಯನ್ನೇ ತಂದಳಂತೆ.

ಎರಡು ಸಲ ವಾರ್ನಿಂಗ್ ಲೆಟರ್ ಕೊಟ್ಟಾಯ್ತು. ಮೂರನೆಯದು ಕೊಟ್ಟರೆ ಕೆಲಸವೇ ಹೋಗುತ್ತೆ... ಆ ರೂಲ್ಸ್ ಬರೆದವನು ಗುರುಸಿದ್ಧನೇ.

ಒಂದು ಮಂಗಳವಾರ ಮತ್ತೆ ಅದೇ ಬೋಳು ಬೆರಳು ಕಂಡವು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದುಕೊಂಡು ಮೂರನೇ ಲೆಟರ್ ಟೈಪ್ ಮಾಡಿಸಿ ತಂದ.

"ಫಕ್ಕೀರವ್ವ, ಇದಕ್ಕ ಸಹಿ ಮಾಡ್ರಿ. ನಾ ಎಷ್ಟ್ ಸಲ ಹೇಳಬೇಕು?"

ಆಕೆ ತಲೆ ಎತ್ತಲಿಲ್ಲ. "ಮಾಡ್ತೀನ್ರಿ ಸಾಹೇಬ್ರ. ಇದೊಂದ್ ಟ್ರೇ ಮುಗಸ್ತೀನಿ, ತಡೀರಿ."

ಕಣ್ಣು ಮುಚ್ಚಿದಳು. ಟ್ರೇ ಅಂಚಿನ ಮೇಲೆ ಬೆರಳು ಮೆಲ್ಲಗೆ ಒಳಗಿಂದ ಹೊರಗೆ ಸವರಿಕೊಂಡು ಹೋಯಿತು... ಒಂದು ಕಡೆ ನಿಂತಿತು.

ಅಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದು, ಟ್ರೇ ಪಕ್ಕಕ್ಕಿಟ್ಟಳು.

ಗುರುಸಿದ್ಧ ಬಗ್ಗಿ ನೋಡಿದ. ಏನೂ ಇಲ್ಲ. ಕನ್ನಡಿಯ ಹಾಗೆ ಹೊಳೀತಿತ್ತು. ಪಾಲಿಶ್ ಮಷಿನ್ ದಾಟಿ, ಪಾಸ್ ಸ್ಟಿಕರ್ ಅಂಟಿಸಿಕೊಂಡು ಬಂದ ಟ್ರೇ ಅದು.

"ಇದರಾಗ ಏನೈತಿ?"

"ಭೂತಗನ್ನಡಿ ತರ್ರಿ," ಅಂದಳು.

ತಂದು ನೋಡಿದರೆ... ಸ್ಟೀಲಿನ ಒಂದು ಎಳೆ ಮೇಲೆದ್ದು ನಿಂತಿತ್ತು. ಕೂದಲಿಗಿಂತ ಸಣ್ಣ ಮುಳ್ಳು.

ಇಂಥದ್ದನ್ನು ಬರೀ ಬೆರಳಲ್ಲಿ ಹುಡುಕಿದಳಾ? ಪರೀಕ್ಷೆ ಮಾಡೋಣ ಅಂತ ಇನ್ನೂ ಹತ್ತು ಟ್ರೇ ಮುಂದಿಟ್ಟ. ಆಕೆ ಎರಡಕ್ಕೆ ಗೆರೆ ಎಳೆದಳು. ಆ ಎರಡರಲ್ಲೂ ಮುಳ್ಳಿತ್ತು... ಉಳಿದ ಎಂಟರಲ್ಲಿ ಎಷ್ಟು ಹುಡುಕಿದರೂ ಇರಲಿಲ್ಲ.

ಆಮೇಲೆ ಫಕ್ಕೀರವ್ವ ಕತ್ತರಿಸದ ಹೊಸ ಗ್ಲೌಸ್ ಹಾಕಿಕೊಂಡು ಅದೇ ಗೆರೆಯ ಮೇಲೆ ಬೆರಳಾಡಿಸಿದಳು. ಬೆರಳು ನಿಲ್ಲದೆ ದಾಟಿ ಹೋಯಿತು.

"ನೋಡ್ರಿ, ಇದನ್ನ ಹಾಕ್ಕೊಂಡ್ರ ಕೈ ಗಟ್ಟಿ ಆಗತೈತಿ... ಆದ್ರ ಕುರುಡ ಆಗತೈತಿ."

"ಬೆರಳಿಗೆ ಗಾಯ ಆಗಂಗಿಲ್ಲೇನು?"

ಆಕೆ ಬೆರಳು ತೋರಿಸಿದಳು. ತುದಿ ತುಂಬಾ ಸಣ್ಣ ಸಣ್ಣ ಗೀರು. ಒಣಗಿದ್ದರ ಮೇಲೆ ಹೊಸದು.

"ಆಗತೈತ್ರಿ. ಸಾಹೇಬ್ರ, ಈ ಟ್ರೇ ಯಾವುದಕ್ಕ ಹೋಗತಾವು ಗೊತ್ತೈತೇನ್ರಿ?"

ಅವನಿಗೆ ಗೊತ್ತಿದ್ದದ್ದು ಐಟಂ ನಂಬರ್ ಮಾತ್ರ.

"ಹೆರಿಗಿ ದವಾಖಾನಿಗ್ರಿ. ಹುಟ್ಟಿದ ಕೂಸಿನ್ನ ತೂಕ ಮಾಡೂ ಟ್ರೇ ಇದು. ನನಗ ನೀವು ಗ್ಲೌಸ್ ಕೊಟ್ಟೀರಿ, ನಿಮ್ಮ ಪುಣ್ಯ... ಆ ಕೂಸು ಬರಿಮೈಲೆ ಇದರಾಗ ಮಲಗತೈತಿ. ಅದಕ್ಕ ಯಾವ ಲೆವೆಲ್ ಕೊಡ್ತೀರಿ?"

ಗುರುಸಿದ್ಧ ಆ ಟ್ರೇಯನ್ನೇ ನೋಡಿದ.

ನಾಲ್ಕು ತಿಂಗಳ ಹಿಂದೆ ಅವನ ಮಗಳು ಹುಟ್ಟಿದ್ದಳು. ಎರಡು ಕೆ.ಜಿ. ಏಳುನೂರು ಗ್ರಾಂ. ಇಂಥದ್ದೇ ಟ್ರೇಯಲ್ಲಿ ಕೈಕಾಲು ಬಡಿದು ಅಳುತ್ತಿದ್ದವಳನ್ನು ಅವನು ಬಾಗಿಲಲ್ಲಿ ನಿಂತು ನೋಡಿದ್ದ.

ಆ ಟ್ರೇ ಎಲ್ಲಿಂದ ಬಂದಿತ್ತೋ ಗೊತ್ತಿಲ್ಲ... ಆದರೆ ಯಾರೋ ಒಬ್ಬರು, ತಮ್ಮ ಬೆರಳು ಕೊಟ್ಟು, ಅದರ ಅಂಚನ್ನು ಮುಟ್ಟಿ ನೋಡಿದ್ದರು.

ಅವನ ಕಣ್ಣು ತುಂಬಿ ಬಂತು. ಇಷ್ಟು ದಿನ ತಾನು ರೂಲ್ಸ್ ಮುರಿಯೋ ಹೆಂಗಸು ಅಂದುಕೊಂಡವಳ ಮುಂದೆ ಅವನಿಗೆ ಕೈ ಮುಗಿಯಬೇಕು ಅನ್ನಿಸಿತು.

ಲೆಟರನ್ನು ಟೇಬಲ್ ಮೇಲಿಟ್ಟ. 'ತಪ್ಪು ಮಾಡಿದವರ ಸಹಿ' ಅಂತ ಇದ್ದ ಜಾಗದಲ್ಲಿ ತನ್ನ ಸಹಿಯನ್ನೇ ಹಾಕಿದ. ಕಾರಣದ ಜಾಗದಲ್ಲಿ ಬರೆದ: 'ಕೆಲಸ ನೋಡದೆ ಗ್ಲೌಸ್ ಆರಿಸಿದ್ದಕ್ಕೆ.'

ಆದರೆ ಆಕೆಯ ಬೆರಳನ್ನು ಹಾಗೇ ಬಿಡೋಕೂ ಅವನ ಮನಸ್ಸು ಒಪ್ಪಲಿಲ್ಲ.

ಗ್ಲೌಸಿನ ರೇಟಿಂಗ್ ಶೀಟ್ ತೆಗೆದು ಮೊದಲಿಂದ ಓದಿದ. ಕೆಳಗೆ, ಅವನು ಎಂದೂ ಓದದ ಒಂದು ಸಾಲಿತ್ತು. ಗ್ಲೌಸ್ ಹಾಕಿಕೊಂಡು ಎಷ್ಟು ಸಣ್ಣ ಪಿನ್ ಎತ್ತಬಹುದು ಅಂತ ನೋಡಿ, ಬೆರಳು ಆಡೋ ಸಲೀಸಿಗೂ ಐದಕ್ಕೆ ಮಾರ್ಕ್ಸ್ ಕೊಡ್ತಾರೆ.

ಅವನ ಹೆಮ್ಮೆಯ ಎಫ್ ಗ್ಲೌಸಿಗೆ ಅಲ್ಲಿ ಸಿಕ್ಕಿದ್ದು... ಒಂದು.

ಐದಕ್ಕೆ ಐದು ಇರೋ ತೆಳು ಗ್ಲೌಸ್ ಹುಡುಕಿ ಹುಡುಕಿ ತರಿಸಿದ. ಕೊಯ್ತ ತಡೆಯೋ ಲೆವೆಲ್ ಎಫ್ ಅಲ್ಲ, ಸಿ. ಆದರೂ ಬರಿಗೈಗಿಂತ ಎಷ್ಟೋ ಮೇಲು.

ಫಕ್ಕೀರವ್ವ ನಾಲ್ಕು ಜೊತೆ ಹಾಕಿ ನೋಡಿ, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟಳು. ಅವನು ಬೇಸರ ಮಾಡಿಕೊಳ್ಳದೆ ಐದನೆಯದು ತಂದ.

ಆಕೆ ಕಣ್ಣು ಮುಚ್ಚಿದಳು. ಬೆರಳು ಅಂಚಿನ ಮೇಲೆ ಹೋಯಿತು... ಹೋಯಿತು... ನಿಂತಿತು.

"ಇಲ್ಲೈತ್ರಿ," ಅಂದಳು.

•••

ರೇಟಿಂಗ್ ಗ್ಲೌಸಿನ ಬೆಲೆ ಹೇಳುತ್ತೆ... ಕೈಯ ಬೆಲೆ ತಿಳಿಯಬೇಕಾದರೆ ಆ ಕೈಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನೀವು ತಪ್ಪು ಹಿಡಿದವರ ಹತ್ತಿರ ಹೋಗಿ, "ಯಾಕೆ ಹೀಗೆ ಮಾಡಿದ್ರಿ" ಅಂತ ಸಮಾಧಾನವಾಗಿ ಕೊನೆಯ ಸಲ ಕೇಳಿದ್ದು ಯಾವಾಗ?