ಪೆನ್ನಿಗೊಂದು ಮುಚ್ಚಳ

ಟೀ ತಂದ ಹೆಂಡತಿಯ ಕೈಯಲ್ಲಿ ಇಂದು ಪಾತ್ರೆಯ ಮುಚ್ಚಳವಿಲ್ಲದ್ದನ್ನು ಕಂಡು ನಿವೃತ್ತ ಮೇಷ್ಟ್ರ ಎದೆಯುಬ್ಬಿತು. ಮರ ಕಡೆಯುವ ಲೇತ್ ಯಂತ್ರದ ಮೇಲೆ ಗಿರಗಿರ ತಿರುಗುತ್ತಿದ್ದ ಮರದ ಪೆನ್ನು ಕೊನೆಗೂ ನುಣ್ಣಗಾಗುತ್ತಿತ್ತು. ಹಿಂದಿನವೆಲ್ಲ ಉಳಿ ಒತ್ತಿದ್ದು ಹೆಚ್ಚಾಗಿ ಚೂರುಚೂರಾಗಿ ಸಿಡಿದಿದ್ದವು. ಪ್ರತಿ ಸಲವೂ ಮೇಷ್ಟ್ರು "ತಪ್ಪಿನಿಂದಲೇ ಅಲ್ವೇನೇ ಕಲಿಯೋದು?" ಎನ್ನುತ್ತಿದ್ದರು, ಆಕೆ ಮುಚ್ಚಳವನ್ನು ಗುರಾಣಿಯಂತೆ ಮುಖಕ್ಕೆ ಹಿಡಿದೇ ಟೀ ಕೊಟ್ಟು ಹೋಗುತ್ತಿದ್ದಳು.

"ಅಂತೂ ನನ್ನ ಕೈ ಮೇಲೆ ನಂಬಿಕೆ ಬಂತಲ್ಲೇ!" ಎಂದು ಮೇಷ್ಟ್ರು ಹಲ್ಲು ಕಿರಿಯುತ್ತಾ ಅವಳತ್ತ ತಿರುಗಿದರು. ಕೈಯಲ್ಲಿದ್ದ ಉಳಿಯೂ ಜೊತೆಗೇ ತಿರುಗಿತು.

ಪಟಾರ್! ಪೆನ್ನಿನ ಚೂರೊಂದು ಹಾರಿ ಬಂದು ಅವಳ ಕೈಯಲ್ಲಿದ್ದ ಟೀ ಲೋಟದೊಳಗೇ ಬಿತ್ತು.

ಹೆಂಡತಿ ಒಳಗೆ ಹೋಗಿ ಬೇರೆ ಟೀ ತಂದಳು. ಮುಚ್ಚಳ ಈಗ ಲೋಟದ ಮೇಲಿತ್ತು.

"ನೋಡ್ರೀ, ನಾನು ಒಂದೇ ತಪ್ಪಿಗೆ ಕಲಿತೆ."